ಕೆಂಪು ಚೀಲದ ಹಿಂದೆ ಕೆರೆಕಟ್ಟೆಗೆ

ನನ್ನ ಗಂಡ ಬಸ್ಸಿನಲ್ಲಿ ಕೂತರೂ ಬ್ರೇಕ್ ಒತ್ತುತ್ತಾರೆ. ಎದುರಿನಿಂದ ಲಾರಿ ಬಂದರೆ ಸಾಕು, ಬಲಗಾಲು ತಾನಾಗಿಯೇ ಮುಂದೆ ಹೋಗಿ ಬಸ್ಸಿನ ತಗಡಿನ ನೆಲವನ್ನು ಅದುಮುತ್ತದೆ. ಮೂವತ್ತು ವರ್ಷ ದಾವಣಗೆರೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದ ಕಾಲು ಅದು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಡೆ ಹಾಕಿಸಿಕೊಂಡ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಅರ್ಧ ಊರಿಗೆ ಗಾಡಿ ಕಲಿಸಿದವರು. ನನಗೊಬ್ಬಳಿಗೆ ಮಾತ್ರ ಕಲಿಸಲಿಲ್ಲ. ಒಮ್ಮೆ ಮೈದಾನಕ್ಕೆ ಕರೆದುಕೊಂಡು ಹೋಗಿ, ಕ್ಲಚ್ಚು ಬಿಡುವಾಗ ನಾನು ಕಣ್ಣು ಮುಚ್ಚುತ್ತೇನೆಂದು ಬೈದು ವಾಪಸ್ ಕರೆತಂದರು. ಆಮೇಲೆ ಸ್ಕೂಲಿನ ಆಫೀಸಿನಲ್ಲಿ ಕೂತು ಫೋನು ಎತ್ತುವುದು, ಬಂದವರನ್ನು ಕೂರಿಸುವುದು ನನ್ನ ಪಾಲಿಗೆ ಬಂತು.

ಕಳೆದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ ಪಾಠದ ನಡುವೆಯೇ ಅವರಿಗೆ ಫಿಟ್ಸ್ ಬಂತು. ಸ್ಟೇರಿಂಗ್ ಹಿಡಿದಿದ್ದವಳು ಕಾಲೇಜು ಹುಡುಗಿ. ಇವರ ಕಾಲು ಬ್ರೇಕಿನ ಮೇಲೆಯೇ ಸೆಟೆದು ನಿಂತಿದ್ದರಿಂದ ಗಾಡಿ ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿತು, ಯಾರಿಗೂ ಏನೂ ಆಗಲಿಲ್ಲ. ಬಿಸಿಲಿಗೆ ತಲೆ ತಿರುಗಿತು ಎಂದು ಆ ಹುಡುಗಿಗೆ ಹೇಳಿ ಮುಗಿಸಿದರು. ಎರಡನೆಯ ಸಲ ಮನೆಯಲ್ಲೇ ಬಂದಾಗ ಡಾಕ್ಟರ ಹತ್ತಿರ ಹೋದೆವು. ಬೆಳಿಗ್ಗೆ ಸಂಜೆ ಮಾತ್ರೆ, ಒಂದು ಹೊತ್ತೂ ತಪ್ಪಿಸಬಾರದು, ಗಾಡಿಯಂತೂ ಮುಟ್ಟಲೇಬಾರದು ಎಂದರು ಡಾಕ್ಟರು.

ಇವರು ಸ್ಕೂಲನ್ನು ಹಳೆಯ ಶಿಷ್ಯನೊಬ್ಬನಿಗೆ ವಹಿಸಿ, ಕೇಳಿದವರಿಗೆಲ್ಲ ಮಂಡಿನೋವು ಎಂದರು. ನನ್ನಿಂದ ಮಾತು ತೆಗೆದುಕೊಂಡರು, ಯಾರ ಹತ್ತಿರವೂ ಬಾಯಿ ಬಿಡಬಾರದು ಎಂದು. ಮಗಳಿಗೂ ಹೇಳುವ ಹಾಗಿಲ್ಲ. ಡ್ರೈವಿಂಗ್ ಮಾಸ್ತರಿಗೆ ಫಿಟ್ಸು ಅಂತ ಗೊತ್ತಾದರೆ, ತನ್ನ ಕೈಯಲ್ಲಿ ಕಲಿತವರೆಲ್ಲ ಏನಂದುಕೊಂಡಾರು ಎನ್ನುವುದು ಅವರ ಸಂಕಟ. ಫಿಟ್ಸ್ ಎಂಬ ಮಾತನ್ನು ಅವರು ಒಂದು ಸಲವೂ ಬಾಯಲ್ಲಿ ಹೇಳಿದವರಲ್ಲ. ಡಾಕ್ಟರ ಮುಂದೆಯೂ 'ಅದು' ಎಂದೇ ಹೇಳಿದರು. ಡಾಕ್ಟರು 'ಯಾವುದು?' ಎಂದು ಕೇಳಿದಾಗ ನನ್ನ ಮುಖ ನೋಡಿದರು.

ಬಸ್ಸಿನಲ್ಲಿ ಮಲೆನಾಡು ಸುತ್ತಿ ಬರೋಣ ಎಂದವರೂ ಅವರೇ. ಈ ಕಡೆ ಎಷ್ಟು ಸಲ ಬಾಡಿಗೆ ಗಾಡಿ ಓಡಿಸಿಕೊಂಡು ಬಂದಿದ್ದರೋ ಲೆಕ್ಕವಿಲ್ಲ, ಆದರೆ ರಸ್ತೆ ಬಿಟ್ಟು ಬೇರೇನನ್ನೂ ನೋಡಿಲ್ಲ, ಈಗಲಾದರೂ ಕಿಟಕಿಯ ಹತ್ತಿರ ಕೂತು ನೋಡುತ್ತೇನೆ ಎಂದರು. ತಿಂಗಳುಗಟ್ಟಲೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದವರು ಒಂದು ಆಸೆ ಹೇಳಿದ್ದೇ ನನಗೆ ದೊಡ್ಡದಾಗಿತ್ತು. ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗಿದ್ದ ಹೊತ್ತಿಗೆ ಹೊರಟೆವು. ಮೊದಲ ದಿನ ನರಸಿಂಹರಾಜಪುರದಲ್ಲಿ ಇಳಿದು ಬಸದಿ ನೋಡಿ, ಭದ್ರಾ ಹಿನ್ನೀರಿನ ದಡದಲ್ಲಿ ಮಧ್ಯಾಹ್ನವೆಲ್ಲ ಕೂತಿದ್ದೆವು. ನೀರಿನೊಳಗಿಂದ ಎದ್ದ ಒಣಮರದ ಬೊಡ್ಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಇವರು ಅದನ್ನೇ ನೋಡುತ್ತಾ, ಎಷ್ಟು ವರ್ಷ ಆಯ್ತು ಕಣೇ ಹೀಗೆ ಸುಮ್ಮನೆ ಕೂತು ಎಂದರು. ಸಂಜೆ ಬಸ್ಸಿಗೆ ಕೊಪ್ಪಕ್ಕೆ ಬಂದು ಲಾಡ್ಜಿನಲ್ಲಿ ಉಳಿದೆವು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

ಮರುದಿನ ಭಾನುವಾರ. ದೊಡ್ಡ ಬ್ಯಾಗನ್ನು ಲಾಡ್ಜಿನಲ್ಲೇ ಬಿಟ್ಟು, ಬಟ್ಟೆ ಅಂಗಡಿಯವರು ಸೀರೆ ಹಾಕಿಕೊಡುವ ಕೆಂಪು ಜಿಪ್ ಚೀಲದಲ್ಲಿ ಶಾಲು, ನೀರಿನ ಬಾಟಲಿ, ಮಾತ್ರೆಗಳು, ಡಾಕ್ಟರ ಚೀಟಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆವು. ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ಅವರಿಗೆ ಹೊಟ್ಟೆ ತೊಳೆಸುತ್ತಿತ್ತು, ಹಾಗಾಗಿ ತಿಂಡಿ ಆದ ಮೇಲೆ ಕೊಡುತ್ತಿದ್ದೆ. ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಅಷ್ಟರಲ್ಲಿ ಶೃಂಗೇರಿ ಬಸ್ಸು ಹಾರ್ನ್ ಹೊಡೆಯಿತು. ಇದು ಬಿಟ್ಟರೆ ಮುಂದಿನದರಲ್ಲಿ ಕಾಲಿಡಲೂ ಜಾಗ ಸಿಗುವುದಿಲ್ಲ, ಶೃಂಗೇರಿಯಲ್ಲೇ ತಿಂಡಿ, ಅಲ್ಲೇ ಮಾತ್ರೆ ಎಂದು ಇವರು ಹತ್ತಿಯೇಬಿಟ್ಟರು.

ಬಸ್ಸಿನ ಮುಂದಿನ ಸೀಟು ಇವರಿಗೆ ಬೇಕೇ ಬೇಕು, ರಸ್ತೆ ಕಾಣಬೇಕಲ್ಲ. ಆ ದಿನ ಅಲ್ಲಿ ವಯಸ್ಸಾದ ಒಬ್ಬರು ಕೂತಿದ್ದರು. ಇವರು ಬೇಸರದಲ್ಲೇ ಚೀಲವನ್ನು ಡ್ರೈವರ ಪಕ್ಕದ ಬಾನೆಟ್ಟಿನ ಮೇಲೆ ಇಟ್ಟು, ಆ ಸೀಟು ಖಾಲಿಯಾದ ಕೂಡಲೇ ಬರುತ್ತೇನೆ ಎನ್ನುವ ಹಾಗೆ ಅದನ್ನು ತಟ್ಟಿ, ಹಿಂದೆ ನನ್ನ ಪಕ್ಕ ಬಂದು ಕೂತರು.

ಈ ಕಡೆ ಬಸ್ಸಿನ ಬಾನೆಟ್ಟು ಅಂದರೆ ಊರೂರಿನ ಅಂಚೆ ಇದ್ದ ಹಾಗೆ. ಕೊಪ್ಪದ ಅಂಗಡಿಯವರು ಸಾಮಾನು ತಂದು ಅಲ್ಲಿಟ್ಟು, ಇಂಥ ಊರಿಗೆ ಎಂದು ಒಂದು ಮಾತು ಹೇಳಿ ಹೋಗುತ್ತಾರೆ. ಪೇಪರಿನ ಕಟ್ಟು, ಹೂವಿನ ಪೊಟ್ಟಣ, ರಿಪೇರಿಯಾದ ಮಿಕ್ಸಿ, ದನದ ಔಷಧಿ. ಹೆಸರು ಬರೆದಿರುವುದಿಲ್ಲ, ರಸೀದಿ ಇಲ್ಲ. ಬಸ್ಸು ನಿಂತಾಗ ಯಾರೋ ಕೈ ಚಾಚುತ್ತಾರೆ, ಯಾರೋ ಎತ್ತಿ ಕೊಡುತ್ತಾರೆ. ಒಂದು ಬಸ್ಸು ಆ ಊರಿಗೆ ಹೋಗದಿದ್ದರೆ ಹೋಗುವ ಬಸ್ಸಿಗೆ ದಾಟಿಸುತ್ತಾರೆ. ಹಿಂದಿನ ದಿನವೆಲ್ಲ ಇದನ್ನು ನೋಡಿ, ನಮ್ಮೂರಲ್ಲಾದರೆ ಮುಂದಿನ ಸ್ಟಾಪಿನೊಳಗೆ ಮಾಯವಾಗುತ್ತಿತ್ತು ಎಂದು ನಾವಿಬ್ಬರೂ ಹೊಗಳಿದ್ದೇ ಹೊಗಳಿದ್ದು.

ಹರಿಹರಪುರ ದಾಟಿತು. ಹೊಳೆಯ ಕಡೆ ಇಳಿಜಾರಿನಲ್ಲಿ ಭತ್ತದ ಗದ್ದೆಗಳು ಹಳದಿಗೆ ತಿರುಗಿದ್ದವು. ಒಂದು ಕಡೆ ಅಡಿಕೆ ಗೊನೆ ಇಳಿಸುವವನು ಮರದಿಂದ ಮರಕ್ಕೆ ತೂಗಿಕೊಂಡು ದಾಟುವುದನ್ನು ಇವರು ಕತ್ತು ಹೊರಳಿಸಿ ನೋಡಿದರು. ಈ ತಿರುವಿನಲ್ಲಿ ಎಷ್ಟು ಸಲ ಗೇರು ಬದಲಿಸಿದ್ದೇನೋ, ಆ ಕಡೆ ತೋಟ ಇರುವುದೇ ಗೊತ್ತಿರಲಿಲ್ಲ ಎಂದರು. ನನಗೂ ಖುಷಿಯಾಯಿತು. ಆ ಖುಷಿಯಲ್ಲಿ ಮುಂದಿನ ಸೀಟಿನವರು ಇಳಿದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಶೃಂಗೇರಿಯಲ್ಲಿ ಜನ ಒಟ್ಟಿಗೆ ಇಳಿದರು. ಇವರು ಮುಂದೆ ಹೋಗಿ ಕೆಂಪು ಚೀಲ ತೆಗೆದುಕೊಂಡು ಬಂದರು. ಹೋಟೆಲಿನಲ್ಲಿ ಇಡ್ಲಿ ತಿಂದು, ಮಾತ್ರೆಗೆಂದು ನಾನು ಜಿಪ್ ಎಳೆದೆ. ಒಳಗೆ ಗ್ರೀಸು ಮೆತ್ತಿದ ಪೇಪರಿನಲ್ಲಿ ಸುತ್ತಿದ ಒಂದು ಮಿಷನ್ ಬೆಲ್ಟು, ಎರಡು ಬೇರಿಂಗು. ನಾನು ಚೀಲವನ್ನು ತಲೆಕೆಳಗು ಮಾಡಿ ಕೊಡವಿದೆ. ಬೇರೇನೂ ಬೀಳಲಿಲ್ಲ.

ಓಡಿಕೊಂಡು ಬಸ್ಸಿನ ಹತ್ತಿರ ಬಂದೆವು. ಕಂಡಕ್ಟರು ಬೀಡಾ ಹಾಕಿಕೊಳ್ಳುತ್ತಿದ್ದವರು ಚೀಲ ನೋಡಿ, ಅದೇ ಕ್ಷಣ ಹಣೆ ಹಣೆ ಬಡಿದುಕೊಂಡರು. ಕೆರೆಕಟ್ಟೆಯಲ್ಲಿ ಒಬ್ಬರ ಅಡಿಕೆ ಸುಲಿಯುವ ಮಿಷನ್ ಕೆಟ್ಟು ನಿಂತಿದೆಯಂತೆ, ಅದರ ಬಿಡಿಭಾಗವನ್ನು ಕೊಪ್ಪದ ಅಂಗಡಿಯವರು ಕೆಂಪು ಚೀಲದಲ್ಲಿ ಹಾಕಿ ಬಾನೆಟ್ಟಿಗೆ ಇಟ್ಟಿದ್ದರಂತೆ. ಕೆರೆಕಟ್ಟೆ ಬಸ್ಸು ಪಕ್ಕದಲ್ಲೇ ಹೊರಡುತ್ತಿತ್ತು, ಕಂಡಕ್ಟರು ಕೈಗೆ ಸಿಕ್ಕ ಕೆಂಪು ಚೀಲವನ್ನು ಎತ್ತಿ ಕಿಟಕಿಯಲ್ಲಿ ದಾಟಿಸಿದ್ದರು. ನಾವು ಹಿಂದಿನ ಬಾಗಿಲಲ್ಲಿ ಇಳಿಯುತ್ತಿದ್ದಾಗ ನಮ್ಮ ಮಾತ್ರೆ ಮುಂದಿನ ಕಿಟಕಿಯಿಂದ ಹೋಗಿಯಾಗಿತ್ತು.

ಕಂಡಕ್ಟರು ಆ ಬಸ್ಸಿನವರಿಗೆ ಫೋನ್ ಹಚ್ಚಿದರು. ನೆಮ್ಮಾರು ದಾಟಿದರೆ ಆ ಕಾಡಿನಲ್ಲಿ ಸಿಗ್ನಲ್ ಇಲ್ಲವಂತೆ, ಹೋಗಲಿಲ್ಲ. ಆದರೂ ಅವರಿಗೆ ಗಾಬರಿಯಿಲ್ಲ. ಆ ಬಸ್ಸು ಘಟ್ಟ ಇಳಿದು ಕಾರ್ಕಳಕ್ಕೆ ಹೋಗುತ್ತದೆ, ಆದರೆ ಚೀಲವನ್ನು ಕೆರೆಕಟ್ಟೆಯ ಅಂಗಡಿಯಲ್ಲಿ ಇಳಿಸಿರುತ್ತಾರೆ, ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ಬಂದೇ ಬರುತ್ತದೆ, ಈ ಕಡೆ ಯಾರ ಸಾಮಾನೂ ಕಳೆದದ್ದಿಲ್ಲ ಎಂದು ಸಮಾಧಾನ ಹೇಳಿದರು. ಆಮೇಲೆ ಕೇಳಿದರು: "ಅರ್ಜೆಂಟಿನ ಸಾಮಾನು ಎಂತಾದ್ರೂ ಇತ್ತಾ ಮಾರಾಯ್ರೆ?"

"ಏನಿಲ್ಲ, ಒಂದು ಶಾಲು," ಎಂದರು ನನ್ನ ಗಂಡ.

ನನ್ನ ಮೈ ಉರಿದುಹೋಯಿತು. ನಿಜ ಹೇಳಿದ್ದರೆ ಕಂಡಕ್ಟರು ಇಡೀ ಬಸ್‌ಸ್ಟ್ಯಾಂಡಿಗೆ ಕೂಗಿ ಹೇಳಿ ಏನಾದರೂ ಮಾಡುತ್ತಿದ್ದರು, ಮುಖದಲ್ಲೇ ಗೊತ್ತಾಗುತ್ತಿತ್ತು. ಶಾಲು ಎಂದ ಮೇಲೆ ಯಾರು ಯಾಕೆ ಓಡುತ್ತಾರೆ? ನನ್ನ ನಂಬರು ಬರೆದುಕೊಂಡು, ಚಳಿ ಇಲ್ಲವಲ್ಲ, ಸಂಜೆಯವರೆಗೆ ದೇವಸ್ಥಾನ ನೋಡಿ, ಮೀನಿಗೆ ಅಕ್ಕಿ ಹಾಕಿ ಎಂದು ಹೊರಟರು. ಬೆಲ್ಟಿನ ಚೀಲ ನನ್ನ ಕೈಯಲ್ಲೇ ಉಳಿಯಿತು.

ಬೆಳಗಿನ ಮಾತ್ರೆ ಆಗಲೇ ತಪ್ಪಿತ್ತು. ಸಂಜೆ ಬಸ್ಸು ತಡವಾದರೆ ಇನ್ನೊಂದೂ ತಪ್ಪುತ್ತದೆ. ಮೆಡಿಕಲ್ ಶಾಪಿಗೆ ಎಳೆದುಕೊಂಡು ಹೋದೆ. ಮಾತ್ರೆಯ ಹೆಸರು ನನಗೆ ಬಾಯಿಪಾಠ. ಅಂಗಡಿಯವರು ಹೆಸರು ಕೇಳಿದ ಕೂಡಲೇ ತಲೆಯೆತ್ತಿ, ಯಾರಿಗೆ, ಯಾತಕ್ಕೆ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ತಲೆನೋವಿಗೆ ಎಂದುಬಿಟ್ಟರು. ಅಂಗಡಿಯವರು ಇಬ್ಬರ ಮುಖವನ್ನೂ ನೋಡಿದರು. ಇದು ತಲೆನೋವಿಗೆ ಕೊಡುವ ಮಾತ್ರೆ ಅಲ್ಲವಲ್ಲ, ಚೀಟಿ ಇಲ್ಲದೆ ಇಂಥದ್ದನ್ನೆಲ್ಲ ಕೊಡಲು ಬರುವುದಿಲ್ಲ, ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಿ, ಅಲ್ಲಿ ಡಾಕ್ಟರು ಇರುತ್ತಾರೆ ಎಂದು ಮೆತ್ತಗೆ ಹೇಳಿದರು. ಅವರದೇನೂ ತಪ್ಪಿಲ್ಲ. ಹೊರಗೆ ಬಂದು ಆಸ್ಪತ್ರೆಗೆ ಹೋಗೋಣ ಎಂದೆ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ ಎಂದರು. ಮೂಗಿನ ತುದಿ ಬೆವರಿತ್ತು.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಸ್ತೆ ದಾಟಿ, ಬಾಡಿಗೆ ಜೀಪುಗಳು ನಿಂತಿದ್ದ ಕಡೆ ನಡೆದೆ. ಇವರು ಹಿಂದೆಯೇ ಬಂದು ತೋಳು ಹಿಡಿದರು. ನಾನು ತಿರುಗಿ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದೆ: "ಈಗ ಜೀಪು ಹತ್ತಿ ಕೆರೆಕಟ್ಟೆಗೆ ಹೋಗೋಣ. ಹತ್ತಲ್ಲ ಅಂದ್ರೆ ಇಲ್ಲೇ ರಸ್ತೆ ಮಧ್ಯೆ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ."

ಹತ್ತಿದರು.

ಜೀಪಿನವರು ನಮ್ಮ ವಯಸ್ಸಿನವರೇ, ಮಾತಿನ ಮನುಷ್ಯ. ಕೆರೆಕಟ್ಟೆಗೆ ಎಂತಕ್ಕೆ ಎಂದು ಕೇಳಿದ್ದಕ್ಕೆ ಇವರು, ಸುಮ್ಮನೆ ಜಾಗ ನೋಡಲಿಕ್ಕೆ ಎಂದರು. ಬೆಲ್ಟಿನ ಚೀಲ ಹಿಂದಿನ ಸೀಟಿನಲ್ಲಿ ನನ್ನ ಕಾಲ ಬಳಿ ಇತ್ತು. ಜಾಗ ನೋಡುವವರು ಎಂದ ಮೇಲೆ ಜೀಪಿನವರು ತೋರಿಸಲೂ ಶುರುಮಾಡಿದರು. ಕಾಫಿ ತೋಟದ ಮೇಲೆ ತೇಲುವ ಮಂಜು, ಹಳ್ಳದ ಬಂಡೆ, ಮರದ ತುದಿಯಲ್ಲಿ ಕೆಂಪು ಅಳಿಲು. ನಿಧಾನವಾಗಿ, ಪ್ರತಿಯೊಂದರ ಮುಂದೆ ನಿಲ್ಲಿಸಿ. ಬೇಗ ಹೋಗಿ ಎನ್ನಲು ನನಗೆ ಕಾರಣವೇ ಇರಲಿಲ್ಲ. ನಾನು ನೋಡುತ್ತಿದ್ದದ್ದು ಮುಂದಿನ ಸೀಟಿನಲ್ಲಿ ಇವರ ಎಡಗೈಯನ್ನು. 'ಅದು' ಬರುವ ಮೊದಲು ಆ ಕೈಯ ಹೆಬ್ಬೆರಳು ಪಕ್ಕದ ಬೆರಳನ್ನು ಉಜ್ಜಲು ಶುರುಮಾಡುತ್ತದೆ, ಜಪಸರ ಎಣಿಸುವವರ ಹಾಗೆ. ಮನೆಯಲ್ಲಿ ಬಂದಾಗ ನಾನೇ ನೋಡಿದ್ದೆ, ಪಾಠದ ದಿನವೂ ಹಾಗೇ ಆಗಿತ್ತೆಂದು ಆ ಹುಡುಗಿ ಹೇಳಿದ್ದಳು. ಈಗ ಕೈ ತೊಡೆಯ ಮೇಲೆ ಸುಮ್ಮನಿತ್ತು.

ನೆಮ್ಮಾರು ದಾಟಿ ಕಾಡು ಹತ್ತಿರವಾಯಿತು. ಇವರಿಗೆ ಸುಮ್ಮನೆ ಕೂರಲು ಆಗಲಿಲ್ಲ. ಈ ಏರಿಗೆ ಸೆಕೆಂಡ್ ಗೇರೇ ಸಾಕು ಎಂದರು. ತಿರುವಿನಲ್ಲಿ ಹಾರ್ನ್ ತಡವಾಯಿತು ಎಂದರು. ಜೀಪಿನವರು ಬೇಜಾರು ಮಾಡಿಕೊಳ್ಳಲಿಲ್ಲ, ನೀವೂ ಡ್ರೈವರ್ರಾ ಎಂದು ಕೇಳಿದರು. ಅಷ್ಟು ಸಾಕಾಯಿತು. ಸ್ಕೂಲಿನ ಕಥೆ, ಅರ್ಧ ಊರಿಗೆ ಕಲಿಸಿದ ಕಥೆ ಎಲ್ಲ ಬಂತು. ಎಷ್ಟೋ ತಿಂಗಳಿಂದ ಕೇಳದಿದ್ದ ದನಿ ಅದು, ಗಟ್ಟಿಯಾಗಿ, ನಗು ಬೆರೆತು. ಜೀಪಿನವರು ಕೇಳಿ ಕೇಳಿ, ಅಗಲ ಜಾಗ ನೋಡಿ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

"ಇಷ್ಟು ದೊಡ್ಡ ಮಾಸ್ತರನ್ನ ಕೂರ್ಸಿಕೊಂಡು ನಾನು ಓಡ್ಸದು ಸರಿ ಆಗ್ತದಾ?" ಎಂದರು ನಗುತ್ತಾ. "ಬನ್ನಿ, ಇಲ್ಲಿಂದ ಕೆರೆಕಟ್ಟೆವರೆಗೆ ನೀವೇ ಓಡ್ಸಿ. ನಮ್ಮ ರಸ್ತೆನೂ ನೋಡ್ದ ಹಾಗಾತು."

ಮನೆಗೆ ಬಂದವರಿಗೆ ಎಲೆಯಡಿಕೆ ತಟ್ಟೆ ಮುಂದೆ ಸರಿಸಿದಷ್ಟೇ ಸಹಜವಾಗಿ ಸ್ಟೇರಿಂಗನ್ನು ಕೊಡುತ್ತಿದ್ದರು. ಇವರು ಬಾಗಿಲ ಹಿಡಿಯ ಮೇಲೆ ಕೈ ಇಟ್ಟರು. ಬಲಗಡೆ ಗೋಡೆಯಂಥ ದರೆ, ಎಡಗಡೆ ಕೆಳಗೆ ಎಲ್ಲೋ ನೀರಿನ ಸದ್ದು, ಮರಗಳ ತಲೆ ಮಾತ್ರ ಕಾಣುತ್ತಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಬೇಡ ಎನ್ನದಿದ್ದರೆ ಇವರು ಇಳಿದು ಆ ಕಡೆ ಹೋಗಿ ಕೂರುತ್ತಾರೆ. ಬಾಗಿಲು ಅರ್ಧ ತೆರೆದೇಬಿಟ್ಟಿತ್ತು.

"ರೀ, ನನಗೆ ವಾಂತಿ ಬರೋ ಹಾಗಾಗ್ತಿದೆ," ಎಂದೆ. "ನಿಲ್ಲಿಸಬೇಡಿ, ಬೇಗ ಊರು ಸೇರಿಸೋಕೆ ಹೇಳಿ."

ಇವರು ಹಿಂದೆ ತಿರುಗಿ ನನ್ನನ್ನೇ ನೋಡಿದರು. ನನಗೆ ವಾಂತಿ ಇಲ್ಲ ಎಂಬುದು ಅವರಿಗೆ ಗೊತ್ತು. ಅವರಿಗೆ ಗೊತ್ತು ಎಂಬುದು ನನಗೂ ಗೊತ್ತು. ನಿಧಾನವಾಗಿ ಬಾಗಿಲು ಎಳೆದುಕೊಂಡು, ಹೆಂಗಸರಿಗೆ ಈ ತಿರುವು ಆಗುವುದಿಲ್ಲ, ನೀವೇ ನಡೆಸಿ ಎಂದರು. ಆಮೇಲೆ ಅವರ ಮಾತು ನಿಂತುಹೋಯಿತು.

ಸ್ವಲ್ಪ ದೂರ ಹೋದ ಮೇಲೆ ಎದುರಿನಿಂದ ಒಂದು ಪಿಕಪ್ ಬಂತು. ರಸ್ತೆ ಕಿರಿದು. ನಮ್ಮ ಜೀಪು ಹಿಂದೆ ಸರಿದು ದಾರಿ ಬಿಟ್ಟಿತು. ಕನ್ನಡಿಗೆ ಕನ್ನಡಿ ತಾಗುವ ಹಾಗೆ ಎರಡೂ ಗಾಡಿ ನಿಂತು, ಇಲ್ಲಿಯ ಪದ್ಧತಿಯಂತೆ ಡ್ರೈವರುಗಳು ಮಾತಾಡಿದರು. ಎಲ್ಲಿಗೆ ಎಂದು ಪಿಕಪ್ಪಿನವರು ಕೇಳಿದರು, ಬಾಡಿಗೆ, ಜಾಗ ನೋಡುವವರು ಎಂದು ನಮ್ಮ ಜೀಪಿನವರು ಹೇಳಿದರು. ಪಿಕಪ್ಪಿನಲ್ಲಿ ಡ್ರೈವರ ಪಕ್ಕ ಕೂತಿದ್ದ ಲುಂಗಿಯವರು ನಮ್ಮ ಕಡೆ ನೋಡಿ ತಲೆಯಾಡಿಸಿದರು. ಅವರ ಮುಖದಲ್ಲೂ ಏನೋ ಅವಸರ ಇತ್ತು. ಪಿಕಪ್ ಹೋಯಿತು.

ಕೆರೆಕಟ್ಟೆ ಎಂದರೆ ರಸ್ತೆ ಬದಿಗೆ ಕೆಲವು ಮನೆ, ಅರಣ್ಯ ಇಲಾಖೆಯ ಗೇಟು, ಒಂದು ಅಂಗಡಿ. ತುಂತುರು ಹನಿಯುತ್ತಿತ್ತು. ಅಂಗಡಿಯ ಮುಂದಿನ ಬೆಂಚಿನಲ್ಲಿ ನಾಲ್ಕಾರು ಜನ ಬಸ್ಸಿಗೆ ಕಾಯುತ್ತಾ ಕೂತಿದ್ದರು. ನಾನು ಬೆಲ್ಟಿನ ಚೀಲ ಹಿಡಿದುಕೊಂಡು ಇಳಿದದ್ದೇ, ಅಂಗಡಿಯಾಕೆ ಒಳಗಿನಿಂದಲೇ ಅದನ್ನು ನೋಡಿ ಎದ್ದು ಬಂದರು.

"ಅಯ್ಯೋ, ಫಿಟ್ಸಿನ ಮಾತ್ರೆ ಇದ್ದ ಚೀಲ ನಿಮ್ದಾ?" ಎಂದರು. "ಮಿಷನ್ನಿನವ್ರು ಜಿಪ್ ತೆಗ್ದು ನೋಡಿದ್ರೆ ಮಾತ್ರೆ, ಡಾಕ್ಟ್ರ ಚೀಟಿ. ಇದು ಒಂದು ಹೊತ್ತೂ ತಪ್ಪುವ ಹಾಗಿಲ್ಲ, ಯಾರೋ ಪಾಪ ಹುಡುಕ್ತಿರ್ತಾರೆ ಅಂತ, ಬಸ್ಸಿಗೂ ಕಾಯದೆ ಪಿಕಪ್ ಮಾಡ್ಕಂಡು ಈಗಷ್ಟೇ ಶೃಂಗೇರಿಗೆ ಹೋದ್ರು. ನಿಮಗೆ ಎದುರಿಗೆ ಸಿಕ್ಕಿರ್ಬೇಕಲ್ಲ?"

ಕನ್ನಡಿಗೆ ಕನ್ನಡಿ ತಾಗಿಸಿ ನಿಂತಿದ್ದೆವು. ಕೈ ಚಾಚಿದ್ದರೆ ಸಿಗುತ್ತಿತ್ತು. ಕೆಂಪು ಚೀಲ ಹುಡುಕುತ್ತಿದ್ದೇವೆ ಎಂದು ನಮ್ಮ ಜೀಪಿನವರಿಗೆ ಗೊತ್ತಿದ್ದಿದ್ದರೆ ಆ ಒಂದು ನಿಮಿಷದ ಮಾತಿನಲ್ಲಿ ಅದು ಬಾರದೆ ಇರುತ್ತಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಈಗ ನಮ್ಮನ್ನೇ ನೋಡುತ್ತಿದ್ದರು, ಕೆಟ್ಟ ನೋಟವಲ್ಲ, ಮರುಕದ್ದು. ಜೀಪಿನವರೂ ಇಳಿದು ಬಂದು ನಿಂತಿದ್ದರು. ನನ್ನ ಗಂಡನ ಮುಖ ಕಪ್ಪಿಟ್ಟಿತು.

"ನಮ್ದಲ್ಲ ಅದು," ಎಂದರು. "ನಮ್ಮ ಚೀಲದಲ್ಲಿ ಶಾಲು ಇತ್ತು."

"ಅದ್ರಲ್ಲೂ ಶಾಲು ಇತ್ತಲ್ಲ, ಬೂದು ಬಣ್ಣದ್ದು," ಎಂದರು ಅಂಗಡಿಯಾಕೆ.

"ನಮ್ದಲ್ಲ ಅಂದ್ನಲ್ಲ."

ನನಗೆ ಆ ಕ್ಷಣದಲ್ಲಿ ಅವರ ಮೇಲೆ ಸಿಟ್ಟು ಬರಲಿಲ್ಲ, ಅದೇ ಆಶ್ಚರ್ಯ. ಮಳೆಯಲ್ಲಿ ನಿಂತು, ಪರಿಚಯವೇ ಇಲ್ಲದ, ಇನ್ನೆಂದೂ ನೋಡದ ಜನರ ಮುಂದೆ ತನ್ನ ಮಾತ್ರೆಯನ್ನೇ ತನ್ನದಲ್ಲ ಎನ್ನುತ್ತಿದ್ದಾರಲ್ಲ, ಪಾಪ ಎನಿಸಿತು. ಕೊಟ್ಟ ಮಾತು ಸಾಕು, ಈಗ ಹೇಳಿಯೇಬಿಡುತ್ತೇನೆ ಎಂದು ಅವರ ಕಡೆ ತಿರುಗಿದೆ. ಅವರ ಎಡಗೈ ಕಂಡಿತು. ಹೆಬ್ಬೆರಳು ಪಕ್ಕದ ಬೆರಳನ್ನು ಉಜ್ಜುತ್ತಿತ್ತು.

ಅವರಿಗೂ ಗೊತ್ತಾಗಿತ್ತು. ನನ್ನನ್ನು ನೋಡಿದರು. ನೀರಿಗೆ ಬಿದ್ದವರು ದಡದ ಕಡೆ ನೋಡುವ ನೋಟ. ಏನೋ ಹೇಳಲು ಬಾಯಿ ತೆರೆದರು, ಮಾತು ಬರಲಿಲ್ಲ, ಕತ್ತು ಒಂದು ಕಡೆಗೆ ತಿರುಗಿತು. ನಾನು ಹಿಡಿದುಕೊಂಡೆ, ಭಾರ ತಡೆಯಲಾಗಲಿಲ್ಲ, ಜೀಪಿನವರು ಇನ್ನೊಂದು ಕಡೆಯಿಂದ ಹಿಡಿದರು. ಇಬ್ಬರೂ ಸೇರಿ ಅಂಗಡಿಯ ಮುಂದಿನ ಸಿಮೆಂಟು ಕಟ್ಟೆಯ ಮೇಲೆ ಮಲಗಿಸಿದೆವು. ಮೈ ಸೆಟೆದು ಅದುರಲು ಶುರುವಾಯಿತು.

ಡಾಕ್ಟರು ಹೇಳಿಕೊಟ್ಟಿದ್ದೆಲ್ಲ ಕೈಗೆ ತಾನಾಗಿ ಬಂತು. ಮಗ್ಗುಲಿಗೆ ಹೊರಳಿಸಿದೆ, ಕಾಲರಿನ ಗುಂಡಿ ಬಿಚ್ಚಿದೆ, ತಲೆಯಡಿಗೆ ನನ್ನ ಸೆರಗು ಮಡಚಿ ಇಟ್ಟೆ. ಯಾರೋ ಚಮಚ ತಂದರು, ಬಾಯಿಗೆ ಏನೂ ಹಾಕಬೇಡಿ ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಜೀಪಿನವರು ಮಾತ್ರ, ಕಬ್ಬಿಣ, ಕೈಗೆ ಕಬ್ಬಿಣ ಕೊಡಬೇಕು ಎನ್ನುತ್ತಾ ಅತ್ತಿತ್ತ ನೋಡಿ, ಬೇರೇನೂ ಕಾಣದೆ ತಮ್ಮ ಜೇಬಿಗೆ ಕೈ ಹಾಕಿ ಜೀಪಿನ ಕೀ ತೆಗೆದು ಇವರ ಮುಷ್ಟಿಯೊಳಗೆ ತುರುಕಿದರು. ಬೆರಳು ಮಡಚಿ ಮೇಲಿಂದ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೇಡ ಎನ್ನಲಿಲ್ಲ. ಆ ಮನುಷ್ಯ ಮಳೆ ನೀರಿನಲ್ಲಿ ಮಂಡಿಯೂರಿ ಕೂತು, "ಈಗ ಬಿಡ್ತದೆ ಅಮ್ಮ, ಈಗ ಬಿಡ್ತದೆ," ಎನ್ನುತ್ತಿದ್ದರು.

ಎಷ್ಟು ಹೊತ್ತೋ ಗೊತ್ತಿಲ್ಲ. ಬಿಟ್ಟಿತು. ಮೈ ಸಡಿಲವಾಗಿ, ಉಸಿರು ಗೊರಗೊರ ಎಂದು, ಆಮೇಲೆ ನಿಧಾನವಾಯಿತು. ನಾನು ಅವರ ತಲೆ ಹಿಡಿದುಕೊಂಡು ಅತ್ತೆ. ಅಂಗಡಿಯಾಕೆ ಒಣ ಟವೆಲು ತಂದು ಅವರ ಮುಖ ಒರೆಸಿದರು, ತಮ್ಮ ಅಣ್ಣನಿಗೆ ಒರೆಸುವ ಹಾಗೆ. ಬೆಂಚಿನ ಮೇಲಿದ್ದವರಲ್ಲಿ ಒಬ್ಬರು ಅಂಗಡಿಯವರ ಬೈಕು ಹತ್ತಿ, ಸಿಗ್ನಲ್ ಸಿಗುವ ಗುಡ್ಡದ ತಿರುವಿಗೆ ಹೋಗಿ ಮಿಷನ್ನಿನವರಿಗೆ ಫೋನ್ ಮಾಡಿ ಬಂದರು. ಚೀಲ ಶೃಂಗೇರಿ ಮುಟ್ಟಿದೆಯಂತೆ, ಕಂಡಕ್ಟರು ಅದನ್ನು ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಾರಂತೆ. ಅಂಗಡಿಯಾಕೆ ಬೆಲ್ಟಿನ ಚೀಲವನ್ನು ಒಳಗೆ ತೆಗೆದಿಟ್ಟುಕೊಂಡು, ಇನ್ನು ತಡ ಮಾಡಬೇಡಿ ಎಂದರು.

ಇವರಿಗೆ ಪೂರ್ತಿ ಎಚ್ಚರ ಬರಲು ಹೊತ್ತು ಹಿಡಿಯಿತು. ಎಲ್ಲಿದ್ದೇವೆ ಎಂದು ಕೇಳಿದರು, ಹೇಳಿದೆ. ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿ ಕಣ್ಣು ಮುಚ್ಚಿಕೊಂಡರು. ಎಬ್ಬಿಸಿ, ಎರಡೂ ಕಡೆ ಹಿಡಿದು ಜೀಪಿನ ಹತ್ತಿರ ತಂದೆವು. ಹಿಂದೆ ಮಲಗಿ ಎಂದರೆ ಕೇಳದೆ ಮುಂದೆಯೇ ಹತ್ತಿ ಕೂತರು. ನಾನು ಹಿಂದಿನಿಂದ ಅವರ ಭುಜ ಹಿಡಿದುಕೊಂಡೆ.

ಜೀಪಿನವರು ಸೀಟಿಗೆ ಬಂದು ಕೂತು, ಜೇಬು ತಡಕಿಕೊಂಡರು. ಇನ್ನೊಂದು ಜೇಬು ನೋಡಿದರು. ಆಮೇಲೆ ನೆನಪಾಗಿ ಇವರ ಕೈಯ ಕಡೆ ನೋಡಿ, ಕೇಳಲು ಸಂಕೋಚಪಟ್ಟು ಸುಮ್ಮನೆ ಕೂತರು. ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು.

ಇವರು ತಲೆ ತಗ್ಗಿಸಿ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಕೀಯ ಹಲ್ಲು ಒತ್ತಿ ಕೆಂಪು ಗೆರೆ ಮೂಡಿತ್ತು. ಅದು ಅಲ್ಲಿಗೆ ಹೇಗೆ ಬಂತು ಎಂದು ಅವರಿಗೆ ಗೊತ್ತಿಲ್ಲ. ಸ್ಟೇರಿಂಗನ್ನು ನೋಡಿದರು, ಮತ್ತೆ ಕೀಯನ್ನು ನೋಡಿದರು. ನನಗೆ ಮತ್ತೆ ಹೆದರಿಕೆ ಆಯಿತು, ಭುಜ ಹಿಡಿದಿದ್ದ ಕೈ ಬಿಗಿಯಾಯಿತು. ಅಂಗಡಿಯಾಕೆ, ಬೆಂಚಿನವರು, ಬೈಕಿನವರು ಎಲ್ಲ ಜೀಪಿನ ಸುತ್ತಲೇ ನಿಂತಿದ್ದರು.

ಅವರು ಕೀಯನ್ನು ಜೀಪಿನವರ ಕೈಗೆ ಇಟ್ಟರು.

"ತಗೊಳ್ಳಿ," ಎಂದರು, ನಾಲಿಗೆ ಇನ್ನೂ ತೊದಲುತ್ತಿತ್ತು, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ನಾನು ಓಡಿಸೋ ಹಾಗಿಲ್ಲ. ನನಗೆ ಫಿಟ್ಸ್ ಇದೆ."

"ಆತು ಮಾರಾಯ್ರೆ," ಎಂದರು ಜೀಪಿನವರು. "ನೀವು ಕೂತ್ಕಳಿ, ನಾ ಓಡಿಸ್ತೀನಿ."